ಲದ್ದಿ ಹುಳು, ರೇಷ್ಮೆ ಹುಳು, ಒಂದೇ ಪ್ರೋಟೀನ್: ಕೀಟಗಳ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಡೊಮೇನ್‌ಗಳನ್ನು ಓದುವುದು ಹೇಗೆ

ನನ್ನ ಅಕ್ಕನ ಮಗ ಧಾರವಾಡದಲ್ಲಿ ಎಂಎಸ್ಸಿ ಓದುತ್ತಿದ್ದಾನೆ. ಊರು ಹಾವೇರಿ ಕಡೆ. ಅವರ ಹೊಲದಲ್ಲಿ ಬದುವಿನ ಈಚೆ ಗೋವಿನಜೋಳ, ಆಚೆ ಹಿಪ್ಪುನೇರಳೆ. ಈ ಸಲ ಜೋಳದ ಸುಳಿಯಲ್ಲಿ ಲದ್ದಿ ಹುಳು ಬಿದ್ದಿತ್ತು, ಅದೇ ಹೊತ್ತಿಗೆ ಮನೆಯಲ್ಲಿ ರೇಷ್ಮೆ ಹುಳು ಮೂರನೇ ಜ್ವರಕ್ಕೆ, ಅಂದರೆ ಮೂರನೇ ಸಲ ಚರ್ಮ ಕಳಚಲು, ಹೋಗಿತ್ತು. ಭಾನುವಾರ ಮನೆಗೆ ಬಂದವನೇ ಕೇಳಿದ: "ಮಾಮಾ, ಲದ್ದಿ ಹುಳಕ್ಕಂತ ಅಪ್ಪ ಒಂದು ಎಣ್ಣಿ ತಂದಾರ. ಅದನ್ನ ಹೊಡದ್ರ ರೇಷ್ಮಿ ಹುಳಕ್ಕ ಏನರ ಆಗ್ತೈತೇನು?"

ಎಣ್ಣಿ ಅಂದರೆ ಕೀಟನಾಶಕ. ಬಾಟಲಿ ಚೀಟಿಯ ಫೋಟೋ ತೋರಿಸಿದ. ಅದರ ಮೇಲೆ ಗುಂಪು 18 ಅಂತ ಇತ್ತು. ಕೀಟನಾಶಕ ಕೀಟದ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ ಕೊಟ್ಟ ಸಂಖ್ಯೆ ಅದು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕೀಟನಾಶಕಗಳು ನರದ ಮೇಲೋ ಸ್ನಾಯುವಿನ ಮೇಲೋ ಕೆಲಸ ಮಾಡುತ್ತವೆ. ಗುಂಪು 18 ಬೇರೆ. ಅದು ನೇರವಾಗಿ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ನ (ಜೀನ್‌ಗಳನ್ನು ಎಬ್ಬಿಸುವ, ಅಡಗಿಸುವ ಪ್ರೋಟೀನಿನ) ಒಂದು ಡೊಮೇನ್‌ಗೆ, ಅಂದರೆ ಒಂದು ಭಾಗಕ್ಕೆ, ಹೋಗಿ ಕೂರುತ್ತದೆ. ಹಾಗಾಗಿ ಅವನ ಪ್ರಶ್ನೆಗೆ ಉತ್ತರ ಆ ಡೊಮೇನ್‌ನಲ್ಲೇ ಇದೆ. ಲ್ಯಾಪ್‌ಟಾಪ್ ತೆಗೆದು ಇಬ್ಬರೂ ಕೂತೆವು. ಅವತ್ತು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಕೀಟಶಾಸ್ತ್ರ, ಪ್ರಾಣಿಶಾಸ್ತ್ರ, ಬಯೋಟೆಕ್ ಓದುವವರು ಜೊತೆಗೇ ಮಾಡುತ್ತಾ ಹೋಗಬಹುದು. ಬೇಕಾಗುವುದು ಇಂಟರ್ನೆಟ್ ಮತ್ತು ಒಂದು ಮಧ್ಯಾಹ್ನ, ಅಷ್ಟೇ.

ಮೊದಲು, ಈ ಪ್ರೋಟೀನ್ ಮಾಡುವ ಕೆಲಸ ಏನು

ರೇಷ್ಮೆ ಸಾಕಿದವರಿಗೆ ಗೊತ್ತು. ಹುಳು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ. ಸೊಪ್ಪು ಬಿಡುತ್ತದೆ, ತಲೆ ಎತ್ತಿ ಸುಮ್ನೆ ನಿಲ್ಲುತ್ತದೆ, ಹಳೇ ಚರ್ಮ ಕಳಚುತ್ತದೆ. ಆಮೇಲೆ ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟುತ್ತದೆ, ಗೂಡಿನೊಳಗೆ ಕೋಶವಾಗಿ, ಕೊನೆಗೆ ಪತಂಗವಾಗಿ ಹೊರಬರುತ್ತದೆ. ಹುಳುವಿನಲ್ಲೂ ಪತಂಗದಲ್ಲೂ ಇರುವುದು ಅದೇ ಡಿಎನ್‌ಎ. ಯಾವ ಜೀನ್ ಯಾವಾಗ ಕೆಲಸ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಮಾತ್ರ ಬದಲಾಗುತ್ತದೆ. ಅದನ್ನು ಮಾಡಿಸುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು.

ಜ್ವರಕ್ಕೆ ಹೋಗು ಅಂತ ಹೇಳುವ ಹಾರ್ಮೋನು ಎಕ್ಡೈಸೋನ್. 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲ ಸಲ ಶುದ್ಧವಾಗಿ ತೆಗೆದದ್ದು ರೇಷ್ಮೆ ಕೋಶಗಳಿಂದಲೇ. 500 ಕಿಲೋ ಕೋಶದಿಂದ ಸಿಕ್ಕಿದ್ದು 25 ಮಿಲಿಗ್ರಾಂ. ಆ ಹಾರ್ಮೋನನ್ನು ಹಿಡಿದು ಜೀನ್‌ಗಳ ಹತ್ತಿರ ಸುದ್ದಿ ಮುಟ್ಟಿಸುವ ಪ್ರೋಟೀನ್ ಎಕ್ಡೈಸೋನ್ ರಿಸೆಪ್ಟರ್, ಚಿಕ್ಕದಾಗಿ ಇಸಿಆರ್. ಹಣ್ಣಿನ ನೊಣ ಡ್ರೊಸೊಫಿಲಾದಲ್ಲಿ ಇದರ ಜೀನ್ ಸಿಕ್ಕಿದ್ದು 1991ರಲ್ಲಿ. ಈ ಲೇಖನದ ಉದ್ದಕ್ಕೂ ನಮ್ಮ ಮುಖ್ಯ ಉದಾಹರಣೆ ಇದೇ.

ಡೊಮೇನ್ ಅಂದರೆ ಪ್ರೋಟೀನಿನ ಒಳಗೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುವ ಭಾಗ. ಕೂರಿಗೆ ನೆನಪಿಸಿಕೊಳ್ಳಿ. ನೆಲ ಸೀಳುವ ಭಾಗ ಒಂದು, ಕಾಳು ಹಾಕುವ ಬಟ್ಟಲು ಇನ್ನೊಂದು, ಎರಡು ಎತ್ತುಗಳನ್ನು ಸೇರಿಸುವ ನೊಗ ಮತ್ತೊಂದು. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ನಲ್ಲೂ ಡಿಎನ್‌ಎ ಹಿಡಿಯುವ ಭಾಗ ಇರಲೇಬೇಕು. ಜೊತೆಗಾರನನ್ನು ಹಿಡಿಯುವ ಭಾಗ ಬಹಳಷ್ಟರಲ್ಲಿ ಇರುತ್ತದೆ, ಹಾರ್ಮೋನು ಕೂರುವ ಬಟ್ಟಲು ಕೆಲವದರಲ್ಲಿ ಮಾತ್ರ. ಇವುಗಳ ನಡುವೆ ಹಗ್ಗದ ಹಾಗೆ ಸಡಿಲವಾಗಿರುವ ಭಾಗಗಳು. ಹೊಸಬರು ಸಾಮಾನ್ಯವಾಗಿ ಆ ಸಡಿಲ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 1: ಸರಿಯಾದ ಸೀಕ್ವೆನ್ಸ್ ತೆಗೆದುಕೊಳ್ಳಿ

ಸೀಕ್ವೆನ್ಸ್ ಅಂದರೆ ಪ್ರೋಟೀನಿನ ಅಮೈನೋ ಆಮ್ಲಗಳ ಸಾಲು, ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಪ್ರೋಟೀನ್‌ಗಳ ಡೇಟಾಬೇಸ್ ಆದ ಯುನಿಪ್ರಾಟ್ ತಾಣಕ್ಕೆ ಹೋಗಿ ಪಿ34021 ಅಂತ ಹುಡುಕಿ. ಡ್ರೊಸೊಫಿಲಾದ ಇಸಿಆರ್ ಬರುತ್ತದೆ, 878 ಅಮೈನೋ ಆಮ್ಲ. ನಮಗೆ ಬೇಕಾದದ್ದು ಲದ್ದಿ ಹುಳುವಿನದು, ಆದರೂ ನೊಣದಿಂದಲೇ ಶುರು ಮಾಡಿ. ನೊಣದ ಪುಟವನ್ನು ತಿಳಿದವರು ಕೂತು ಪರಿಶೀಲಿಸಿದ್ದಾರೆ. ಲದ್ದಿ ಹುಳುವಿನ ಬಹಳಷ್ಟು ಪುಟಗಳು ಕಂಪ್ಯೂಟರ್ ತಾನೇ ಊಹಿಸಿ ಬರೆದವು.

ಇಲ್ಲಿ ಮೂರು ವಿಷಯ ನೋಡಲೇಬೇಕು. ಸೀಕ್ವೆನ್ಸ್ ಎಂ ಅಕ್ಷರದಿಂದ, ಅಂದರೆ ಮೆಥಿಯೋನಿನ್‌ನಿಂದ ಶುರುವಾಗಿದೆಯಾ? ಪುಟದಲ್ಲಿ ತುಣುಕು ಅಂತ ಬರೆದಿದೆಯಾ? ಐಸೋಫಾರ್ಮ್, ಅಂದರೆ ಒಂದೇ ಜೀನ್‌ನಿಂದ ಬರುವ ಬಗೆಗಳಲ್ಲಿ ಇದು, ಯಾವುದು? ನನ್ನ ಹತ್ತಿರ ಓದಿದ ಒಬ್ಬ ಹುಡುಗಿ ಎರಡು ವಾರ ಒಂದು ಪತಂಗದ ಇಸಿಆರ್ ಮೇಲೆ ಕೆಲಸ ಮಾಡಿದಳು, ಹಾರ್ಮೋನು ಹಿಡಿಯುವ ಭಾಗವೇ ಇಲ್ಲದ ಹೊಸ ಬಗೆ ಸಿಕ್ಕಿತು ಅಂತ ಖುಷಿಯಲ್ಲಿದ್ದಳು, ಆಮೇಲೆ ನೋಡಿದರೆ ಅದು ಅರ್ಧಕ್ಕೆ ನಿಂತ ತುಣುಕು. ಆ ಎರಡು ವಾರ ನನಗೂ ಬೇಜಾರು ತಂದಿತು. ಮೊದಲ ದಿನವೇ ನಾನು ಕೇಳಬೇಕಿತ್ತು.

ಐಸೋಫಾರ್ಮ್ ವಿಷಯ ಇಸಿಆರ್‌ನಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ನೊಣದಲ್ಲಿ ಒಂದೇ ಜೀನ್‌ನಿಂದ ಮೂರು ಬಗೆ ಬರುತ್ತವೆ. ಎ ಬಗೆ 849, ಬಿ1 ಬಗೆ 878, ಬಿ2 ಬಗೆ 669. ಕೊನೆಯ ಕಡೆಯ 652 ಅಮೈನೋ ಆಮ್ಲ ಮೂರರಲ್ಲೂ ಒಂದೇ. ಶುರುವಿನ ಭಾಗ ಮಾತ್ರ ಬೇರೆ: 197, 226, 17. ಅಂದರೆ ಡಿಎನ್‌ಎ ಹಿಡಿಯುವ ಕೈ, ಹಾರ್ಮೋನಿನ ಬಟ್ಟಲು ಎಲ್ಲಾ ಒಂದೇ ಇದ್ದು ಮೂಗಿನ ತುದಿ ಮಾತ್ರ ಬದಲಾಗಿದೆ. ಆದರೂ ಮೂರೂ ಬೇರೆ ಬೇರೆ ಅಂಗಾಂಶಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಜಾಸ್ತಿ ಕಾಣುತ್ತವೆ. ಯಾವ ಐಸೋಫಾರ್ಮ್ ತೆಗೆದುಕೊಂಡಿರಿ ಅಂತ ವಹಿಯಲ್ಲಿ ಬರೆದಿಡಿ.

ಹೆಜ್ಜೆ 2: ಸಾಫ್ಟ್‌ವೇರ್‌ಗೆ ಕೊಡುವ ಮೊದಲು ಕಣ್ಣಲ್ಲಿ ಓದಿ

ಇದನ್ನು ಈಗ ಯಾರೂ ಮಾಡುವುದಿಲ್ಲ. ನೀವು ಮಾಡಿ. ಸೀಕ್ವೆನ್ಸ್‌ನಲ್ಲಿ ಸಿ ಅಕ್ಷರಗಳನ್ನು ಹುಡುಕಿ. ಸಿ ಅಂದರೆ ಸಿಸ್ಟೀನ್. ಇಸಿಆರ್‌ನಲ್ಲಿ ಒಂದು ಕಡೆ ಸಿ-ಎಲ್-ವಿ-ಸಿ ಅಂತ ಬರುತ್ತದೆ. ಅಲ್ಲಿಂದ 13 ಅಕ್ಷರ ಎಣಿಸಿ, ಆಮೇಲೆ ಸಿ-ಇ-ಜಿ-ಸಿ. ಈ ನಾಲ್ಕು ಸಿಸ್ಟೀನ್ ಸೇರಿ ಒಂದು ಸತುವಿನ ಅಯಾನನ್ನು ಹಿಡಿಯುತ್ತವೆ. ಮುಂದೆ 15 ಅಕ್ಷರ ಬಿಟ್ಟು ಇನ್ನೊಂದು ನಾಲ್ಕು: ನಡುವಿನ ಅಂತರ 5, 9, 2. ಅವು ಎರಡನೇ ಸತುವನ್ನು ಹಿಡಿಯುತ್ತವೆ. ಸತು ಇಲ್ಲದಿದ್ದರೆ ಈ ಭಾಗ ಮಡಚಿಕೊಳ್ಳುವುದೇ ಇಲ್ಲ, ಡಿಎನ್‌ಎ ಹಿಡಿಯುವುದು ದೂರದ ಮಾತು.

ಆ ಸಿ-ಇ-ಜಿ-ಸಿ ಜಾಗಕ್ಕೆ ಪಿ ಬಾಕ್ಸ್ ಅನ್ನುತ್ತಾರೆ. ಡಿಎನ್‌ಎಯ ಅಗಲ ತೋಡಿಗೆ ಇಳಿದು ಅಕ್ಷರ ಓದುವ ಬೆರಳ ತುದಿ ಅದು. ಓದುವುದು ಎಜಿಜಿಟಿಸಿಎ ಅನ್ನುವ ಆರು ಅಕ್ಷರ, ಅಥವಾ ಅದಕ್ಕೆ ತೀರ ಹತ್ತಿರದ್ದು. ಒಂದು ಸಲ ಪೆನ್ಸಿಲ್ ಹಿಡಿದು ಎಣಿಸಿದರೆ ಆಮೇಲೆ ಪರದೆ ಮೇಲೆ ಬಣ್ಣದ ಪಟ್ಟಿ ಬಂದಾಗ ಅದರೊಳಗೆ ಏನಿದೆ ಅಂತ ನಿಮಗೆ ಗೊತ್ತಿರುತ್ತದೆ, ಅಲ್ವಾ?

ಹೆಜ್ಜೆ 3: ಇಂಟರ್‌ಪ್ರೋಗೆ ಕೊಡಿ

ಇಂಟರ್‌ಪ್ರೋ ಅನ್ನುವುದು ಸೀಕ್ವೆನ್ಸ್‌ನಲ್ಲಿ ಡೊಮೇನ್ ಹುಡುಕಿಕೊಡುವ ತಾಣ. ಸೀಕ್ವೆನ್ಸನ್ನು ಫಾಸ್ಟಾ ರೂಪದಲ್ಲಿ (ಮೇಲೆ ಹೆಸರಿನ ಸಾಲು, ಕೆಳಗೆ ಅಕ್ಷರಗಳು) ಅದರ ಹುಡುಕಾಟದ ಪೆಟ್ಟಿಗೆಗೆ ಹಾಕಿ. ಕೆಲವು ನಿಮಿಷದಲ್ಲಿ ಬಣ್ಣಬಣ್ಣದ ಪಟ್ಟಿಗಳು ಬರುತ್ತವೆ. ಪಿಎಫ್00105 ಅಂದರೆ ನಾವು ಈಗ ಎಣಿಸಿದ ಎರಡು ಸತು ಬೆರಳು. ಪಿಎಫ್00104 ಅಂದರೆ ಹಾರ್ಮೋನು ಹಿಡಿಯುವ ಭಾಗ. ಒಂದೇ ಜಾಗದಲ್ಲಿ ನಾಲ್ಕೈದು ಪಟ್ಟಿ ಕಂಡರೆ ಗಾಬರಿ ಬೇಡ. ಬೇರೆ ಬೇರೆ ಡೇಟಾಬೇಸ್‌ಗಳು ಒಂದೇ ಡೊಮೇನ್‌ಗೆ ತಮ್ಮ ತಮ್ಮ ಹೆಸರು ಕೊಟ್ಟಿರುತ್ತವೆ. ಅವನ್ನು ಕೂಡಿಸಿ ನಾಲ್ಕು ಡೊಮೇನ್ ಇವೆ ಅಂತ ಬರೆಯಬೇಡಿ.

ಇ-ವ್ಯಾಲ್ಯೂ ನೋಡಿ. ಇಂಥ ಹೊಂದಿಕೆ ಸುಮ್ನೆ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದು ಅನ್ನುವ ಲೆಕ್ಕ ಅದು. ಎಷ್ಟು ಚಿಕ್ಕದೋ ಅಷ್ಟು ನಂಬಿಕೆ. 0.01ರ ಆಸುಪಾಸು ಬಂದರೆ ಅನುಮಾನ ಪಡಿ. ಆದರೆ ಚಿಕ್ಕ ಡೊಮೇನ್‌ಗಳಲ್ಲಿ, ಮುಖ್ಯವಾಗಿ ಒಂಟಿ ಸತು ಬೆರಳುಗಳಲ್ಲಿ, ನಿಜವಾದದ್ದಕ್ಕೂ ದುರ್ಬಲ ಅಂಕ ಬರುತ್ತದೆ. ಆಗ ಹೆಜ್ಜೆ 2ರ ಎಣಿಕೆ ಕೈ ಹಿಡಿಯುತ್ತದೆ.

ಹೆಜ್ಜೆ 4: ಡಿಎನ್‌ಎ ಹಿಡಿಯುವ ಕೈ ಯಾವ ಜಾತಿಯದು

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಕೀಟಗಳು ಈ ವಿಷಯಕ್ಕೆ ಕೊಟ್ಟಷ್ಟನ್ನು ಬೇರೆ ಯಾವ ಪ್ರಾಣಿಯೂ ಕೊಟ್ಟಿಲ್ಲ ಅಂತ ನನಗೆ ಅನಿಸುತ್ತದೆ. ಡೊಮೇನ್‌ಗಳ ಹೆಸರುಗಳನ್ನೇ ನೋಡಿ. ಬಿಟಿಬಿ ಅನ್ನುವುದು ನೊಣದ ಮೂರು ಪ್ರೋಟೀನ್‌ಗಳಿಂದ ಬಂದದ್ದು: ಬ್ರಿಕ್-ಅ-ಬ್ರ್ಯಾಕ್, ಟ್ರ್ಯಾಮ್‌ಟ್ರ್ಯಾಕ್, ಬ್ರಾಡ್. ಪಾಸ್ ಅನ್ನುವ ಹೆಸರಿನಲ್ಲಿರುವ ಪಿರಿಯಡ್ ಮತ್ತು ಸಿಮ್ ಎರಡೂ ನೊಣದವು. ಫೋರ್ಕ್‌ಹೆಡ್ ಹೆಸರೂ ನೊಣದ ಜೀನ್‌ನದೇ.

ಹೋಮಿಯೋಡೊಮೇನ್‌ನಿಂದ ಶುರು ಮಾಡಿ. ಸಾಮಾನ್ಯವಾಗಿ 60 ಅಮೈನೋ ಆಮ್ಲ, ಮೂರು ಹೆಲಿಕ್ಸ್, ಅಂದರೆ ಸುರುಳಿ. ಮೂರನೆಯದು ಡಿಎನ್‌ಎಯ ಅಗಲ ತೋಡಿನಲ್ಲಿ ಮಲಗುತ್ತದೆ. ಇದನ್ನು ಬರೆಯುವ ಡಿಎನ್‌ಎ ತುಂಡು, 180 ಅಕ್ಷರದ ಹೋಮಿಯೋಬಾಕ್ಸ್, ಬೆಳಕಿಗೆ ಬಂದದ್ದು 1984ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವಾಲ್ಟರ್ ಗೆರಿಂಗ್ ಅವರ ಪ್ರಯೋಗಾಲಯ ಮತ್ತು ಅಮೆರಿಕದ ಇಂಡಿಯಾನಾದ ಇನ್ನೊಂದು ಗುಂಪು ಬೇರೆ ಬೇರೆಯಾಗಿ ಅದನ್ನು ಕಂಡವು. ಆಂಟೆನಾಪೀಡಿಯಾ ಅನ್ನುವ ಪ್ರೋಟೀನ್ ತಲೆಯಲ್ಲಿ ತಪ್ಪಾಗಿ ತಯಾರಾದರೆ ನೊಣದ ಮೀಸೆಯ ಜಾಗದಲ್ಲಿ ಕಾಲು ಹುಟ್ಟುತ್ತದೆ. ಯುನಿಪ್ರಾಟ್‌ನಲ್ಲಿ ಪಿ02833 ನೋಡಿ. 378 ಅಮೈನೋ ಆಮ್ಲದ ಪ್ರೋಟೀನ್, ಹೋಮಿಯೋಡೊಮೇನ್ ಕೊನೆಯ ಹತ್ತಿರ ಇದೆ.

ನೀವು ನೋಡಬೇಕಾದ ಎರಡು ಜಾಗ: 50 ಮತ್ತು 51. 51ರಲ್ಲಿ ಹೆಚ್ಚುಕಮ್ಮಿ ಯಾವಾಗಲೂ ಆಸ್ಪರಜಿನ್. ಅದು ಬದಲಾಗಿದ್ದರೆ ಸೀಕ್ವೆನ್ಸ್ ಮೇಲೆಯೇ ಅನುಮಾನ ಪಡಿ. 50 ಬದಲಾದರೆ ಓದುವ ಅಕ್ಷರ ಬದಲಾಗುತ್ತದೆ. ಆಂಟೆನಾಪೀಡಿಯಾದಲ್ಲಿ ಅಲ್ಲಿ ಗ್ಲುಟಮಿನ್, ಬೈಕಾಯ್ಡ್ ಪ್ರೋಟೀನಿನಲ್ಲಿ ಲೈಸಿನ್. ಇಬ್ಬರೂ ಟಿಎಎಟಿ ಅನ್ನು ಇಷ್ಟಪಡುತ್ತಾರೆ. ಆದರೆ ಲೈಸಿನ್ ಇರುವವನು ಅದರ ಮುಂದೆ ಸಿಸಿ ಬೇಕು ಅನ್ನುತ್ತಾನೆ. 60ರಲ್ಲಿ ಒಂದೇ ಒಂದು ಅಕ್ಷರ, ಹೋಗಿ ಕೂರುವ ಜಾಗವೇ ಬೇರೆ.

ಉಳಿದವನ್ನು ಬೇಗ ಹೇಳುತ್ತೇನೆ. ಎರಡು ಸಿಸ್ಟೀನ್, ಎರಡು ಹಿಸ್ಟಿಡಿನ್ ಇರುವ ಸತು ಬೆರಳು ಸುಮಾರು 30 ಅಮೈನೋ ಆಮ್ಲದ್ದು, ಒಂದೊಂದು ಬೆರಳು ಸುಮಾರು ಮೂರು ಡಿಎನ್‌ಎ ಅಕ್ಷರ ಓದುತ್ತದೆ, ಹಾಗಾಗಿ ಬೆರಳುಗಳ ಸಂಖ್ಯೆ ಎಣಿಸಿ ಬರೆದಿಡಿ. ಹುಳುವನ್ನು ಹುಳುವಾಗಿಯೇ ಉಳಿಸುವ ಕೆಆರ್-ಎಚ್1 ಪ್ರೋಟೀನಿನಲ್ಲಿ ಇಂಥ ಎಂಟು ಬೆರಳುಗಳಿವೆ. ಬಿಜಿಪ್ ಅನ್ನುವುದು ಉದ್ದನೆ ಹೆಲಿಕ್ಸ್, ಏಳನೇ ಏಳನೇ ಜಾಗಕ್ಕೆ ಒಂದು ಲ್ಯೂಸಿನ್. ಕೀಟನಾಶಕವನ್ನು ಒಡೆಯುವ ಪಿ450 ಜೀನ್‌ಗಳನ್ನು ಎಬ್ಬಿಸುವ ಸಿಎನ್‌ಸಿ-ಸಿ ಈ ಜಾತಿಯದು. ಎಣ್ಣಿ ಹೊಡೆದರೂ ಹುಳು ಸಾಯುತ್ತಿಲ್ಲ ಅನ್ನುವ ಮಾತಿನ ಹಿಂದೆ ಕೆಲವು ಕೀಟಗಳಲ್ಲಿ ಇದರ ಕೈವಾಡ ಇದೆ. ಗಂಡು ಹೆಣ್ಣು ತೀರ್ಮಾನಿಸುವ ಡಬಲ್‌ಸೆಕ್ಸ್‌ನಲ್ಲಿ ಡಿಎಂ ಡೊಮೇನ್ ಇದ್ದು, ಅದು ಡಿಎನ್‌ಎಯ ಕಿರಿದಾದ ತೋಡನ್ನು ಹಿಡಿಯುತ್ತದೆ. ಗಂಡಿನಲ್ಲೂ ಹೆಣ್ಣಿನಲ್ಲೂ ಈ ಡಿಎಂ ಒಂದೇ, ಬಾಲ ಮಾತ್ರ ಬೇರೆ.

ಹೆಜ್ಜೆ 5: ಜೊತೆಗಾರ ಯಾರು

ಒಂಟೆತ್ತಿನಿಂದ ಕೂರಿಗೆ ನಡೆಯುವುದಿಲ್ಲ. ಇಸಿಆರ್ ಕೂಡ ಒಂಟಿಯಾಗಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ಜೋಡಿ ಅಲ್ಟ್ರಾಸ್ಪೈರಕಲ್, ಅಂದರೆ ಯುಎಸ್‌ಪಿ. ನಮ್ಮ ದೇಹದಲ್ಲಿರುವ ಆರ್‌ಎಕ್ಸ್‌ಆರ್‌ಗೆ ಅದು ಸಂಬಂಧಿ. ಇಬ್ಬರೂ ಸೇರಿದಾಗ ಹಾರ್ಮೋನನ್ನು ಬಿಗಿಯಾಗಿ ಹಿಡಿಯುತ್ತಾರೆ. ಹಾರ್ಮೋನು ಹಿಡಿಯುವ ಡೊಮೇನೇ ಇಲ್ಲಿ ನೊಗದ ಕೆಲಸವನ್ನೂ ಮಾಡುತ್ತದೆ. ಒಂದು ಡೊಮೇನ್‌ಗೆ ಒಂದೇ ಕೆಲಸ ಅಂತ ಬರೆದುಕೊಂಡರೆ ಇಲ್ಲಿ ಎಡವುತ್ತೀರಿ.

ಹುಳುವನ್ನು ಹುಳುವಾಗಿಯೇ ಇಡುವ ಜುವೆನೈಲ್ ಹಾರ್ಮೋನಿನ ಕಡೆಯೂ ಹೀಗೇ. ಅದನ್ನು ಹಿಡಿಯುವುದು ಮೆಟ್, ಜೋಡಿ ಟೈಮನ್. ಇಬ್ಬರಲ್ಲೂ ಡಿಎನ್‌ಎ ಮತ್ತು ಜೊತೆಗಾರನನ್ನು ಹಿಡಿಯುವ ಬಿಎಚ್‌ಎಲ್‌ಎಚ್, ಜೊತೆಗೆ ಪಾಸ್ ಡೊಮೇನ್‌ಗಳಿವೆ. ಹಾರ್ಮೋನು ಕೂರುವುದು ಮೆಟ್‌ನ ಎರಡನೇ ಪಾಸ್‌ನಲ್ಲಿ. ಪೈರಿಪ್ರಾಕ್ಸಿಫೆನ್ ಅನ್ನುವ ಕೀಟನಾಶಕ ಹೋಗಿ ಕೂರುವುದೂ ಅಲ್ಲೇ.

ಕೆಲವು ಸಲ ಜೊತೆಗಾರನನ್ನು ಹಿಡಿಯುವುದು ಡೊಮೇನ್ ಅಲ್ಲವೇ ಅಲ್ಲ, ನಾಲ್ಕಕ್ಷರದ ಒಂದು ಕೊಕ್ಕೆ. ಆಂಟೆನಾಪೀಡಿಯಾದಲ್ಲಿ ಹೋಮಿಯೋಡೊಮೇನ್‌ಗಿಂತ ಸ್ವಲ್ಪ ಮುಂಚೆ ವೈ-ಪಿ-ಡಬ್ಲ್ಯೂ-ಎಂ ಅಂತ ಇರುತ್ತದೆ. ಅದು ಎಕ್ಸ್‌ಟ್ರಾಡೆಂಟಿಕಲ್ ಅನ್ನುವ ಪ್ರೋಟೀನಿಗೆ ಸಿಕ್ಕಿಕೊಳ್ಳುತ್ತದೆ. ಡೊಮೇನ್ ಪಟ್ಟಿಯಲ್ಲಿ ಇದು ಕಾಣದೇ ಹೋಗಬಹುದು. ಕಂಟ್ರೋಲ್ ಎಫ್ ಒತ್ತಿ ನೀವೇ ಹುಡುಕಿ.

ಹೆಜ್ಜೆ 6: ಸಡಿಲ ಭಾಗವನ್ನೂ ಓದಿ

ಕಂಪ್ಯೂಟರ್ ಊಹಿಸಿದ ಪ್ರೋಟೀನ್ ಆಕಾರಗಳ ಆಲ್ಫಾಫೋಲ್ಡ್ ಡೇಟಾಬೇಸ್ 2021ರಿಂದ ಎಲ್ಲರಿಗೂ ತೆರೆದಿದೆ. ಅಲ್ಲಿ ಅದೇ ಪಿ34021 ಹಾಕಿ. ಕಡುನೀಲಿ ಬಣ್ಣ ಅಂದರೆ ನಂಬಿಕೆಯ ಅಂಕ 90ಕ್ಕಿಂತ ಜಾಸ್ತಿ, ಕಿತ್ತಳೆ ಅಂದರೆ 50ಕ್ಕಿಂತ ಕಡಿಮೆ. ಇಸಿಆರ್‌ನಲ್ಲಿ ನೀಲಿ ಗಡ್ಡೆ ಎರಡು ಕಾಣುತ್ತವೆ, ಸುತ್ತ ಕಿತ್ತಳೆ ಬಣ್ಣದ ನೂಲು ಗೋಜಲಾಗಿ ಬಿದ್ದಿರುತ್ತದೆ. ಆ ನೂಲಿನ ಆಕಾರವನ್ನು ನಂಬಬೇಡಿ, ಆದರೆ ಅದು ಬೇಡದ್ದು ಅಂತಲೂ ತಿಳಿಯಬೇಡಿ. ಬಹಳ ಸಲ ಅದು ನಿಜವಾಗಿಯೂ ಸಡಿಲ ಇರುವ ಭಾಗ, ಜೀನನ್ನು ಎಬ್ಬಿಸುವ ಅಥವಾ ಅಡಗಿಸುವ ಕೆಲಸ ಅಲ್ಲಿಂದಲೇ ನಡೆಯುತ್ತದೆ.

ಅಲ್ಟ್ರಾಬೈಥೊರಾಕ್ಸ್ ಕಥೆ ಕೇಳಿ. ಬೆಳೆದ ಕೀಟಗಳಿಗೆ ಆರೇ ಕಾಲು, ಹೊಟ್ಟೆಯ ಭಾಗದಲ್ಲಿ ಕಾಲಿಲ್ಲ. ಅಲ್ಲಿ ಕಾಲು ಹುಟ್ಟದಂತೆ ತಡೆಯುವವರಲ್ಲಿ ಈ ಪ್ರೋಟೀನೂ ಒಂದು. ಕೀಟಗಳ ದೂರದ ನೆಂಟನಾದ ಆರ್ಟೀಮಿಯಾ ಅನ್ನುವ ಸೀಗಡಿ ಜಾತಿಯ ಪ್ರಾಣಿಯಲ್ಲೂ ಇದೇ ಪ್ರೋಟೀನ್ ಇದೆ. ಹೋಮಿಯೋಡೊಮೇನ್ ಹೆಚ್ಚುಕಮ್ಮಿ ಅದೇ, ಆದರೂ ಅದರ ಮೈಯಲ್ಲಿ ಇದು ಇರುವ ಕಡೆಯೂ ಕಾಲುಗಳು ಹುಟ್ಟುತ್ತವೆ. 2002ರಲ್ಲಿ ಎರಡು ಗುಂಪುಗಳು ತೋರಿಸಿದ್ದು ಏನೆಂದರೆ, ವ್ಯತ್ಯಾಸ ಇರುವುದು ಹೋಮಿಯೋಡೊಮೇನ್ ಆದಮೇಲೆ ಬರುವ ಬಾಲದಲ್ಲಿ. ಕೀಟಗಳ ಬಾಲದಲ್ಲಿ ಗ್ಲುಟಮಿನ್ ಮತ್ತು ಅಲನಿನ್ ತುಂಬಿದ ಒಂದು ಚೂರು ಇದೆ. ಡೊಮೇನ್ ಪಟ್ಟಿ ನೋಡಿ ಎರಡೂ ಒಂದೇ ಅಂದುಬಿಟ್ಟಿದ್ದರೆ ಇಷ್ಟು ದೊಡ್ಡ ವಿಷಯ ಕೈತಪ್ಪುತ್ತಿತ್ತು.

ಹೆಜ್ಜೆ 7: ಬಟ್ಟಲಿನ ಒಳಗೆ ಇಣುಕಿ

ಈಗ ಭಾವನ ಬಾಟಲಿಗೆ ಬರೋಣ. ಗುಂಪು 18ರಲ್ಲಿ ಟೆಬುಫೆನೊಜೈಡ್, ಮೆಥಾಕ್ಸಿಫೆನೊಜೈಡ್ ಮುಂತಾದವು ಬರುತ್ತವೆ. ಇವು ನೋಡಲು ಎಕ್ಡೈಸೋನ್ ಥರ ಇಲ್ಲವೇ ಇಲ್ಲ. ಆದರೂ ಇಸಿಆರ್‌ನ ಬಟ್ಟಲಿನಲ್ಲಿ ಕೂತು ಹಾರ್ಮೋನು ಬಂದಿದೆ ಅನ್ನುವ ಸುಳ್ಳು ಸುದ್ದಿ ಕೊಡುತ್ತವೆ. ಹುಳು ಹೊತ್ತಲ್ಲದ ಹೊತ್ತಿನಲ್ಲಿ ಜ್ವರಕ್ಕೆ ಹೋಗುತ್ತದೆ. ತಿನ್ನುವುದು ನಿಲ್ಲಿಸುತ್ತದೆ, ಚರ್ಮ ಪೂರ್ತಿ ಕಳಚಲಾಗದೆ ಸಾಯುತ್ತದೆ.

2003ರಲ್ಲಿ ಹೀಲಿಯೋಥಿಸ್ ವೈರೆಸೆನ್ಸ್ ಅನ್ನುವ ಪತಂಗದ ಇಸಿಆರ್ ಬಟ್ಟಲಿನ ರಚನೆ ಹೊರಬಂತು. ಪ್ರೋಟೀನ್ ರಚನೆಗಳ ಡೇಟಾಬೇಸ್ ಪಿಡಿಬಿಯಲ್ಲಿ ಎರಡು ಕಡತ ಇವೆ. 1ಆರ್1ಕೆ ಹಾರ್ಮೋನಿನ ಜಾತಿಯ ಪೊನಾಸ್ಟೆರೋನ್ ಜೊತೆಗಿನದು, 1ಆರ್20 ಗುಂಪು 18ರ ಜಾತಿಯ ಅಣುವಿನ ಜೊತೆಗಿನದು. ಎರಡನ್ನೂ ರಚನೆ ತೋರಿಸುವ ಸಾಫ್ಟ್‌ವೇರ್ ಕೈಮೆರಾಎಕ್ಸ್‌ನಲ್ಲಿ ಒಂದರ ಮೇಲೊಂದು ಇಟ್ಟು ನೋಡಿ. ಬಟ್ಟಲಿನ ಆಕಾರವೇ ಬದಲಾಗಿರುತ್ತದೆ! ಒಂದರಲ್ಲಿ ಉದ್ದ, ತೆಳು. ಇನ್ನೊಂದರಲ್ಲಿ ಗಿಡ್ಡ, ಅಗಲ. ಅದೇ ಪ್ರೋಟೀನ್ ಬಂದ ಅತಿಥಿಗೆ ತಕ್ಕಂತೆ ಒಳಗೆ ಜಾಗ ಮಾಡಿಕೊಂಡಿದೆ. ನಾನು ಇದನ್ನು ಎಷ್ಟು ಸಲ ನೋಡಿದರೂ ಮತ್ತೆ ತಿರುಗಿಸಿ ನೋಡುತ್ತೇನೆ. ಆಲ್ಫಾಫೋಲ್ಡ್ ಮಾದರಿಯಲ್ಲಿ ಅತಿಥಿಯೂ ಇಲ್ಲ, ಜೋಡಿಯೂ ಇಲ್ಲ. ಹಾಗಾಗಿ ಬಟ್ಟಲಿನ ಒಳಗಿನ ಮಾತನ್ನು ಅದರಿಂದ ಮಾತ್ರ ಹೇಳಬೇಡಿ.

ಆ ಬಟ್ಟಲಿನ ಒಳಗೆ ಹೀಲಿಯೋಥಿಸ್‌ನ 384ನೇ ಜಾಗದಲ್ಲಿ ವ್ಯಾಲಿನ್ ಇದೆ. ಪತಂಗ, ಚಿಟ್ಟೆಗಳ ಗುಂಪಿನ ಗುರುತು ಅದು. ಬೇರೆ ಗುಂಪಿನ ಹೆಚ್ಚಿನ ಕೀಟಗಳಲ್ಲಿ ಅಲ್ಲಿ ಮೆಥಿಯೋನಿನ್ ಇರುತ್ತದೆ, ಅದು ದೊಡ್ಡದು. ಗುಂಪು 18 ಮರಿಹುಳುಗಳ ಮೇಲೆ ಇಷ್ಟು ಜೋರಾಗಿ ಕೆಲಸ ಮಾಡಲು ಇಂಥ ಜಾಗಗಳೂ ಒಂದು ಕಾರಣ.

ಹೆಜ್ಜೆ 8: ಒಂದರ ಕೆಳಗೊಂದು ಇಡಿ

ಲದ್ದಿ ಹುಳು, ಅಂದರೆ 2018ರಲ್ಲಿ ನಮ್ಮ ರಾಜ್ಯದಲ್ಲೇ ದೇಶದಲ್ಲಿ ಮೊದಲು ಕಾಣಿಸಿಕೊಂಡ ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ. ರೇಷ್ಮೆ ಹುಳು ಬಾಂಬಿಕ್ಸ್ ಮೋರಿ. ಜೊತೆಗೆ ಹೀಲಿಯೋಥಿಸ್, ಜೇನುನೊಣ, ಡ್ರೊಸೊಫಿಲಾ. ಐದರ ಇಸಿಆರ್ ತೆಗೆದುಕೊಳ್ಳಿ. ಪೂರ್ತಿ ಪ್ರೋಟೀನನ್ನು ಹೋಲಿಸಬೇಡಿ, ಸಡಿಲ ಭಾಗಗಳು ಲೆಕ್ಕ ಕೆಡಿಸುತ್ತವೆ. ಪಿಎಫ್00104 ಇರುವ ಭಾಗವನ್ನು ಮಾತ್ರ ಕತ್ತರಿಸಿ, ಸೀಕ್ವೆನ್ಸ್‌ಗಳನ್ನು ಸಾಲು ಹೊಂದಿಸಿಕೊಡುವ ಕ್ಲಸ್ಟಲ್ ಒಮೆಗಾಗೆ ಹಾಕಿ. ಶೇಕಡಾ ಹೋಲಿಕೆ ಬರುತ್ತದೆ, ಅಷ್ಟಕ್ಕೇ ನಿಲ್ಲಬೇಡಿ. ಹೀಲಿಯೋಥಿಸ್ ಸಾಲಿನಲ್ಲಿ 384 ಎಲ್ಲಿದೆ ಅಂತ ಎಣಿಸಿ, ಆ ಕಂಬದಲ್ಲಿ ಮೇಲಿಂದ ಕೆಳಗೆ ಕಣ್ಣಾಡಿಸಿ. ಕತ್ತರಿಸಿದ ಮೇಲೆ ಸಂಖ್ಯೆ 1ರಿಂದ ಶುರುವಾಗುತ್ತದೆ, ಅದನ್ನು ಕಳೆದು ಕೂಡಿಸಿ ಲೆಕ್ಕ ಹಾಕಿ. ಹೆಚ್ಚಿನವರು ತಪ್ಪುವುದು ಇಲ್ಲೇ.

ಇದೆಲ್ಲ ಆದಮೇಲೂ ನಿಮ್ಮ ಕೈಯಲ್ಲಿರುವುದು ಊಹೆ. ಬಲವಾದ ಊಹೆ, ಆದರೂ ಊಹೆ. ಡೊಮೇನ್ ನಿಜವಾಗಿ ಆ ಕೆಲಸ ಮಾಡುತ್ತದೆ ಅನ್ನಲು ಪ್ರಯೋಗ ಬೇಕು. 1985ರಲ್ಲಿ ಬ್ರೆಂಟ್ ಮತ್ತು ಟಾಷ್ನೆ ಒಂದು ಬ್ಯಾಕ್ಟೀರಿಯಾ ಪ್ರೋಟೀನಿನ ಡಿಎನ್‌ಎ ಹಿಡಿಯುವ ಕೈಯನ್ನು ಯೀಸ್ಟ್‌ನ ಗ್ಯಾಲ್4ಗೆ ಜೋಡಿಸಿದರು. ಅದು ಹೊಸ ಜಾಗಕ್ಕೆ ಹೋಗಿ ಜೀನ್ ಎಬ್ಬಿಸಿತು. ಕೈ ಬೇರೆ, ಎಬ್ಬಿಸುವ ಭಾಗ ಬೇರೆ ಅಂತ ಗೊತ್ತಾದದ್ದು ಹಾಗೆ. ಇವತ್ತಿಗೂ ಇಂಥ ಅದಲುಬದಲು ಪ್ರಯೋಗವೇ ಗಟ್ಟಿ ಸಾಕ್ಷಿ. ಆರ್‌ಎನ್‌ಎಐ, ಅಂದರೆ ಆರ್‌ಎನ್‌ಎ ಕೊಟ್ಟು ಒಂದು ಜೀನನ್ನು ಅಡಗಿಸುವ ಪ್ರಯೋಗ, ಮಾಡುವವರು ಒಂದು ಮಾತು ನೆನಪಿಡಿ. ಹಿಟ್ಟಿನ ಹುಳು ಟ್ರೈಬೋಲಿಯಂನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಪತಂಗಗಳಲ್ಲಿ ಬಹಳ ಸಲ ಕೈಕೊಡುತ್ತದೆ. ಇನ್ನು ಯಾವ ತಾರೀಕಿಗೆ, ಯಾವ ಐಡಿ, ಯಾವ ಆವೃತ್ತಿ ತೆಗೆದಿರಿ ಅಂತ ಬರೆದಿಡಿ. ಡೇಟಾಬೇಸ್‌ಗಳು ಬದಲಾಗುತ್ತಲೇ ಇರುತ್ತವೆ.

ಅವತ್ತು ಸಂಜೆ ಹೊತ್ತಿಗೆ ಅಕ್ಕನ ಮಗ ಐದೂ ಸಾಲು ಇಟ್ಟು ಎಣಿಸಿ ಮುಗಿಸಿದ. ಆ ಕಂಬದಲ್ಲಿ ಲದ್ದಿ ಹುಳುವಿಗೂ ವ್ಯಾಲಿನ್, ರೇಷ್ಮೆ ಹುಳುವಿಗೂ ವ್ಯಾಲಿನ್. ಎರಡೂ ಪತಂಗಗಳೇ, ಬಟ್ಟಲು ಅದೇ. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಫೋನ್ ತೆಗೆದ. "ಅಪ್ಪಾ, ಆ ಎಣ್ಣಿ ಇನ್ನೂ ಹೊಡದಿಲ್ಲಲಾ? ಹೊಡೀಬ್ಯಾಡ್ರಿ. ಗಾಳಿಗೆ ಹಾರಿ ಹಿಪ್ಪುನೇರಳಿ ಸೊಪ್ಪಿನ ಮ್ಯಾಲೆ ಬಿತ್ತಂದ್ರ ನಮ್ಮ ಹುಳಾನೂ ಹೋಗ್ತಾವ."